ಚಕ್ಕುಬಂದಿ

ವಿರಾಜಪೇಟೆ ಕೋರ್ಟಿನ ಎದುರು, ಜೆರಾಕ್ಸ್ ಅಂಗಡಿಯ ಪಕ್ಕ
ಹತ್ತೊಂಬತ್ತು ವರ್ಷದಿಂದ ನನ್ನ ಟೈಪ್‌ರೈಟರು.
ಜಮ್ಮಾ ಬಾಣೆ, ದಾನಪತ್ರ, ಹೆಸರು ತಿದ್ದುಪಡಿ,
ಕಳೆದುಹೋದ ಮಾರ್ಕ್ಸ್ ಕಾರ್ಡು.
ಕಡಲಿನ ಬಗ್ಗೆ ಒಂದಕ್ಷರ ಹೊಡೆದವಳಲ್ಲ.

ಅವನು ಬಂದದ್ದು ಸೋಮವಾರ, ಊಟದ ಹೊತ್ತಿಗೆ.
ಪಳಂಗಪ್ಪ, ಪೆರುಂಬಾಡಿ ಕಡೆಯವನು, ಹಡಗಿನಲ್ಲಿ ಆಯಿಲರ್.
ಉಗುರಿನ ಸಂದಿಯಲ್ಲಿ ಸೋಪಿಗೆ ಬಗ್ಗದ ಕಪ್ಪು.
"ಅಫಿಡವಿಟ್ ಆಗಬೇಕು ಅಕ್ಕ. ಕನ್ನಡದಲ್ಲೇ.
ಇಂಗ್ಲಿಷಿನಲ್ಲಿ ಸುಳ್ಳು ಬರೆದು ಅಭ್ಯಾಸವಾಗಿದೆ."

ಛಾಪಾ ಕಾಗದ ಉರುಳೆಗೆ ಸುತ್ತಿದೆ.
ಸತ್ಯ ಪ್ರಮಾಣ ಮಾಡಿ ಹೇಳುವುದೇನೆಂದರೆ
ಅಲ್ಲಿಯತನಕ ಕೈಗೆ ದಾರಿ ಗೊತ್ತು.

ಆಮೇಲೆ ಬಿಲ್ಜ್ ಎಂದ. ಕೈ ನಿಂತಿತು.
"ಹಡಗಿನ ಹೊಟ್ಟೆಯ ತಳ. ಎಂಜಿನ್ನು ಸೋರಿದ್ದು,
ಪಂಪು ಬೆವರಿದ್ದು, ನಾವು ಒರೆಸಿದ್ದು ತೊಳೆದದ್ದು
ಎಲ್ಲ ಇಳಿದಿಳಿದು ನಿಲ್ಲುವ ಜಾಗ."
ಬಚ್ಚಲಗುಂಡಿ ಅಂತ ಹೊಡೆಯಲೇ?
ನಕ್ಕ. "ಹೊಡೀರಿ. ಕ್ಯಾಪ್ಟನ್ ಓದಿದರೆ ನೊಂದುಕೊಂಡಾನು."

ಕಾಯಿದೆಯ ಮಾತು ಅವನಿಗೆ ಬಾಯಿಪಾಠ.
ಎಣ್ಣೆ ಬೆರೆತ ನೀರನ್ನು ಸೋಸದೆ ಬಿಡತಕ್ಕದ್ದಲ್ಲ.
ಹತ್ತು ಲಕ್ಷ ಪಾಲಿಗೆ ಹದಿನೈದು ಪಾಲು ಮೀರತಕ್ಕದ್ದಲ್ಲ.
ಬಿಟ್ಟ ಹೊತ್ತು, ಬಿಟ್ಟ ಜಾಗ
ತೈಲ ದಾಖಲೆ ಪುಸ್ತಕದಲ್ಲಿ ಬರೆಯತಕ್ಕದ್ದು.

ಹದಿನೈದು ಪಾಲು ಅಂದರೆ ಎಷ್ಟಪ್ಪ?
ಕೋರ್ಟಿನ ಮಾಡಿನ ಮೇಲಿನ ಕಪ್ಪು ಟ್ಯಾಂಕು ತೋರಿಸಿದ.
"ಸಾವಿರ ಲೀಟರಿಗೆ ಮೂರು ಟೀ ಚಮಚ."

ಎಲ್ಲಿ ಬಿಟ್ಟಿದ್ದು? ಚಕ್ಕುಬಂದಿ ಹೇಳು.
ಹನ್ನೆರಡು ಡಿಗ್ರಿ ಹನ್ನೆರಡು ನಿಮಿಷ ಉತ್ತರ ಎಂದ,
"ನಿಮ್ಮ ಈ ಬೆಂಚಿನಿಂದ ನೆಟ್ಟಗೆ ಪಡುವಣಕ್ಕೆ ಗೆರೆ ಎಳೆದರೆ ಅಲ್ಲೇ."
ಪೂರ್ವಕ್ಕೆ? ನೀರು.
ಪಶ್ಚಿಮಕ್ಕೆ? ನೀರು.
ಉತ್ತರ ದಕ್ಷಿಣ ಕೇಳಲಿಲ್ಲ.
ಬೇಲಿಯಿಲ್ಲ, ಸರ್ವೇ ಕಲ್ಲಿಲ್ಲ,
ಬದು ಒತ್ತಿದೆ ಅಂತ ಕತ್ತಿ ಹಿಡಿದು ಬರುವ
ಪಕ್ಕದ ತೋಟದವನಿಲ್ಲ.
"ಅದಕ್ಕೇ ಅಕ್ಕ. ಅದಕ್ಕೇ ರಾತ್ರಿ ಎರಡು ಗಂಟೆಗೆ."

ಹೊಡೆದೆ:
ಸೋಸುವ ಯಂತ್ರವನ್ನು ತಪ್ಪಿಸಿ ಪೈಪೊಂದನ್ನು ಜೋಡಿಸಲಾಯಿತು.
ಕವಾಟ ತೆರೆಯಲಾಯಿತು.
ಬೆಳಗಾಗುವುದರೊಳಗೆ ಬಿಚ್ಚಿ, ಗುರುತಿಗೆ ಬಣ್ಣ ಬಳಿಯಲಾಯಿತು.
ನಿಯಮದಂತೆ ಸೋಸಲಾಯಿತು ಎಂದು ಬರೆಯಲಾಯಿತು.

ಲಾಯಿತು ನನಗೆ ಹಳೆಯ ಪರಿಚಯ.
ಕಲ್ಲು ಕಿತ್ತು ನೆಟ್ಟ ಎಷ್ಟೋ ಕೈಗಳನ್ನು
ಅದರಡಿ ಬಚ್ಚಿಟ್ಟು ಕೊಟ್ಟಿದ್ದೇನೆ,
ಪುಟಕ್ಕಿಷ್ಟು ಅಂತ.

ಅವನು ಓದಿದ. ಮತ್ತೆ ಓದಿದ.
"ಇಲ್ಲಿ ಯಾರೂ ಇಲ್ಲವಲ್ಲ?
ಹೇಳಿದ್ದು ಚೀಫು. ಸ್ಪ್ಯಾನರ್ ತಿರುಗಿಸಿದ್ದು ನಾನು."
ಹಾಗೆ ಹೊಡೆದರೆ ಕೇಸು ನಿನ್ನ ಮೇಲೂ.
ಅವನು ಮೇಜಿನ ಮೇಲಿದ್ದ ನನ್ನ ರಬ್ಬರು ತುಂಡನ್ನು
ಅತ್ತ ಇತ್ತ ಉರುಳಿಸುತ್ತ ಕೂತ.
"ಆ ಎಣ್ಣೆ ಮೊದಲಿಗೆ ಚೆಂದ ಕಾಣುತ್ತದೆ ಅಕ್ಕ, ಬೆಳದಿಂಗಳಿಗೆ
ಬಣ್ಣ ಬಣ್ಣ. ಹೊಡೀರಿ."

ಹೊಸ ಛಾಪಾ ಕಾಗದ.
ಜೋಡಿಸಿದೆನು. ತೆರೆದೆನು. ಬಣ್ಣ ಬಳಿದೆನು.
ನನ್ನ ಯಂತ್ರದಲ್ಲಿ ನು ಅಕ್ಷರ ಕೂದಲೆಳೆ ಮೇಲೆ ಕೂರುತ್ತದೆ;
ಒಂದೊಂದು ಸಾಲಿನ ಕೊನೆಗೂ
ತಲೆ ಎತ್ತಿ ನಿಂತಿತು.

ನೋಟರಿಯ ಮೊಹರು ಹಾಕಿಸಿ
ಮಾಕುಟ್ಟದ ದಾರಿಯ ಬಸ್ಸು ಹತ್ತಿ ಹೋದ.
ಕೊಡಲು ಬಂದ ದುಡ್ಡು ಅರ್ಧವೇ ತೆಗೆದುಕೊಂಡೆ, ಯಾಕೋ.

ಸೋಮವಾರ ಸಂಜೆ ಅಚ್ಚುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ರೂಢಿ.
ಡಬ್ಬಿಯ ಮುಚ್ಚಳದಲ್ಲಿ ವಾರದ ಕಪ್ಪು ಇಳಿಯುತ್ತದೆ,
ಕೈ ತಾನಾಗಿ ಚರಂಡಿಯ ಕಡೆ ಚಾಚುತ್ತದೆ.
ಚರಂಡಿಯಿಂದ ಕದನೂರು ಹೊಳೆ, ಅಲ್ಲಿಂದ ಕಾವೇರಿ,
ಆಮೇಲೆ ಮೂಡಣ ಕಡಲು.
ಹತ್ತೊಂಬತ್ತು ವರ್ಷ. ಎಷ್ಟು ಚಮಚ?
ಪುಸ್ತಕ ಇಟ್ಟವಳಲ್ಲ.

ಮುಚ್ಚಳ ಹಿಡಿದುಕೊಂಡು ನಿಂತಿದ್ದೇನೆ.
ಜೆರಾಕ್ಸ್ ಹುಡುಗ ಶಟರ್ ಎಳೆಯುತ್ತ
ಇನ್ನೂ ಹೋಗಿಲ್ವಾ ಅಂತಾನೆ.